ಇಲ್ಲದ ಕಿಟಕಿಯ ಅಳತೆ

17 ಅಕ್ಟೋಬರ್ 2025, ಶುಕ್ರವಾರ. ಬೆಳಿಗ್ಗೆ 7.10

ಒಳಗೆ 15 ಡಿಗ್ರಿ. ಹೊರಗೆ 6. ಗಾಳಿ ಬೆಟ್ಟದ ಕಡೆಯಿಂದ.

ಇವತ್ತಿಗೆ ಸರಿಯಾಗಿ ಎರಡು ವರ್ಷ. 2023ರ ಅಕ್ಟೋಬರ್ 17, ಮಂಗಳವಾರ. ಅಂದು ನಮಗೆ ಮನೆ ಬಾಡಿಗೆಗೆ ಕೊಟ್ಟಿರುವ ವಸತಿ ಸಂಸ್ಥೆಯವರು ನಮ್ಮ ಟೆಂಟರ್ ರೋ ಬೀದಿಯ ಇಪ್ಪತ್ತೆರಡು ಮನೆಗಳಲ್ಲಿ ಮನೆ ಕಾಯಿಸುತ್ತಿದ್ದ ಗ್ಯಾಸ್ ಬಾಯ್ಲರ್ ಕಿತ್ತು, ಹಿತ್ತಿಲಲ್ಲಿ ಒಂದೊಂದು ಡಬ್ಬ ಕೂರಿಸಿ ಹೋದರು. ಹೀಟ್ ಪಂಪ್ — ಹೊರಗಿನ ಗಾಳಿಯಿಂದ ಬಿಸಿ ಹೀರಿ ನೀರು ಕಾಯಿಸುತ್ತದಂತೆ. ಅಳತೆಪಟ್ಟಿ ಹಿಡಿದು ಒಬ್ಬನಾದರೂ ನನ್ನ ಹೊಸ್ತಿಲು ದಾಟಲಿಲ್ಲ. ಕೆಲಸ ಮುಗಿಸಿದ ಮೇಲೆ ಹೇಗಿದೆ ಎಂದು ಕೇಳಲು ಒಬ್ಬನೂ ಬರಲಿಲ್ಲ. ಬಾಗಿಲ ಸಂದಿಯಲ್ಲಿ ಎಂಬತ್ತಾರು ಪುಟದ ಕೈಪಿಡಿ ತುರುಕಿದರು. ಅಷ್ಟೆ. ಎರಡು ಚಳಿಗಾಲ ಕೋಟು ಹಾಕಿಕೊಂಡೇ ಊಟ ಮಾಡಿದ್ದೇವೆ.

ಬರೆದಿಡುತ್ತೇನೆ. ಮರೆಯುವ ಜಾತಿಯವಳಲ್ಲ ನಾನು.

ಹಾಲಿನ ಬಾಟಲಿ ತರಲು ಹೋದಾಗ ಕ್ಲಿಫ್ ಮಿಜ್‌ಲಿ ಸಿಕ್ಕ. ಬೀದಿಯ ತುದಿ ಮನೆ, ನಂಬರ್ 22. ಉಣ್ಣೆ ಗಿರಣಿಯ ದೂಳು ಮೂವತ್ತು ವರ್ಷ ಕುಡಿದ ಎದೆ. ಮಾತಾಡುವ ಮೊದಲು ಒಂದು ಸುತ್ತು ಕೆಮ್ಮಬೇಕು. ನಾನು ಹಿಂದೆ ಸರ್ಕಾರಿ ಗ್ಯಾಸ್ ಬೋರ್ಡಿನಲ್ಲಿ ದುಡಿದದ್ದನ್ನೇ ಹೆಸರು ಮಾಡಿ ಕರೆಯುತ್ತಾನೆ.

"ಏನಮ್ಮ ಗ್ಯಾಸ್ ಬೋರ್ಡು, ಹಚ್ಚಿದ್ಯಾ?"

"ಗಡಿಯಾರ ಇನ್ನೂ ಹಿಂದಕ್ಕೆ ಹೋಗಿಲ್ಲ ಕ್ಲಿಫ್."

"ಸರಿ ಮತ್ತೆ. ಇಪ್ಪತ್ತಾರಕ್ಕೆ ನೋಡೋಣ. ಅಲ್ಲೀತನಕ ಬದುಕಿದ್ರೆ."

ಬೀದಿಯ ಕಟ್ಟಳೆ ಇದು. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವವರೆಗೆ ಮನೆ ಕಾಯಿಸುವಂತಿಲ್ಲ. ಆಮೇಲೂ ಬೆಳಿಗ್ಗೆ ಒಂದು ಗಂಟೆ, ಸಂಜೆ ಎರಡು. ಹೊರಗೆ ಹೊರಟರೆ ಗೋಡೆಯ ಸ್ವಿಚ್ಚೇ ಆರಿಸು. ನನ್ನ ಅಮ್ಮನ ಕಾಲದಿಂದ ಬಂದದ್ದು. ಅದಕ್ಕೆ ಮುಂಚೆ ಹಚ್ಚಿದವರನ್ನು ಈ ಬೀದಿ ಬಾಯಲ್ಲಿ ಏನೂ ಅನ್ನುವುದಿಲ್ಲ, ಅವರ ಕಿಟಕಿಯ ಕಡೆ ಒಮ್ಮೆ ನೋಡುತ್ತದೆ... ಸಾಕು.

21 ಅಕ್ಟೋಬರ್, ಮಂಗಳವಾರ

ಸಂಸ್ಥೆಯಿಂದ ಪತ್ರ. ಎಲ್ಲ ಮನೆಗೂ.

ಡಿಸೆಂಬರ್ 11ಕ್ಕೆ ಪ್ರಾರ್ಥನಾ ಮಂದಿರದ ಚಾಪೆಲ್ ಹಾಲ್‌ನಲ್ಲಿ ಸಭೆ. ಹೀಟ್ ಪಂಪ್‌ಗಳನ್ನು ತೆಗೆದು ಮತ್ತೆ ಗ್ಯಾಸ್ ಬಾಯ್ಲರ್ ಹಾಕುವ ಪ್ರಸ್ತಾವ. ಊರಿನ ಇನ್ನೂ ಮುನ್ನೂರು ಮನೆಗಳಿಗೆ ಹಾಕಬೇಕೆಂದಿದ್ದ ಯೋಜನೆಯೂ ರದ್ದು. ಜೊತೆಗೆ ಒಂದು ವರದಿ. ಮೂರನೇ ಪುಟದಲ್ಲಿ ನಾನಿದ್ದೇನೆ!

"ಗ್ಯಾಸ್ ಉದ್ಯಮದಲ್ಲಿ ಜೀವಮಾನದ ಅನುಭವವುಳ್ಳ ಹಿರಿಯ ನಿವಾಸಿಯೊಬ್ಬರು ಹೇಳುವಂತೆ: ಈ ಡಬ್ಬ ಮನೆ ಬಿಸಿ ಮಾಡುವುದಿಲ್ಲ, ನಮ್ಮ ಗ್ಯಾಸ್ ನಮಗೆ ಕೊಡಿ."

ಹೌದು, ನಾನೇ. ಕಳೆದ ವರ್ಷ ಫೆಬ್ರವರಿಯ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೆ. ಚಪ್ಪಾಳೆ ಬಿದ್ದಿತ್ತು. ಬೆರಿಲ್ ಸಗ್‌ಡನ್ ಬಾಯಿ ತೆರೆದರೆ ಕೇಳುವವರು ಇನ್ನೂ ಇದ್ದಾರೆ ಎಂದಾಯಿತು. ಗೆದ್ದೆವು. ಗ್ಯಾಸ್ ವಾಪಸ್. ಪತ್ರವನ್ನು ಎರಡು ಸಲ ಓದಿದೆ. ಒಬ್ಬಳೇ ಒಂದು ಬಿಸ್ಕತ್ತು ಹೆಚ್ಚು ತಿಂದೆ.

ಒಂದು ಸಾಲು ಮಾತ್ರ ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ. ಕಾರಣಗಳು ಎಂಬಲ್ಲಿ: "ಈ ಬೀದಿಯ ನಿವಾಸಿಗಳು ಹೊಸ ತಂತ್ರಜ್ಞಾನಕ್ಕೆ ಒಗ್ಗಿಕೊಳ್ಳುವ ಸ್ಥಿತಿಯಲ್ಲಿಲ್ಲ."

ಒಗ್ಗಿಕೊಳ್ಳುವ ಸ್ಥಿತಿಯಲ್ಲಿಲ್ಲ.

ನಾವು?

23 ಅಕ್ಟೋಬರ್, ಗುರುವಾರ. ಮಧ್ಯಾಹ್ನ 3

ರುಖ್ಸಾನಾಳ ಪಾರ್ಸೆಲ್ ನನ್ನಲ್ಲಿ ಬಿಟ್ಟುಹೋಗಿದ್ದರು. ಕೊಡಲು ನಂಬರ್ 14ಕ್ಕೆ ಹೋದೆ. ಆಸ್ಪತ್ರೆಯಲ್ಲಿ ಕೆಲಸ ಅವಳಿಗೆ. ಬ್ರಾಡ್‌ಫರ್ಡಿನಿಂದ ಬಂದು ಒಂದೂವರೆ ವರ್ಷ. ಕೈಯಲ್ಲಿ ಮಗು — ಮಗುವಿನ ಮೈಮೇಲೆ ತೆಳು ಅಂಗಿ. ಕಾಲಿಗೆ ಕಾಲುಚೀಲವಿಲ್ಲ! ಬಯ್ಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಹಜಾರದ ಗಾಳಿ ನನ್ನ ಮುಖಕ್ಕೆ ತಾಗಿತು.

ಬೆಚ್ಚಗೆ. ಒಲೆಯ ಬಿಸಿಯಲ್ಲ ಅದು... ಮೇ ತಿಂಗಳ ಬಿಸಿ.

"ಎಷ್ಟು ತೋರಿಸುತ್ತೆ ಇದು?"

"ಇಪ್ಪತ್ತು ಆಂಟಿ. ಯಾವಾಗ್ಲೂ ಇಪ್ಪತ್ತೇ."

ಗೋಡೆಯ ರೇಡಿಯೇಟರ್ ಮುಟ್ಟಿದೆ — ಕಾದ ನೀರು ಒಳಗೆ ಹರಿದು ಕೋಣೆ ಬೆಚ್ಚಗಾಗಿಸುವ ಉಕ್ಕಿನ ಹಲಗೆ. ಉಗುರು ಬೆಚ್ಚಗೆ.

"ಇದು ಕೆಟ್ಟಿದೆ ಕಣಮ್ಮ. ಮುಟ್ಟಿದ್ರೆ ಕೈ ಸುಡಬೇಕು. ಎಷ್ಟು ಹೊತ್ತಿಗೆ ಹಾಕ್ತೀಯಾ, ಎಷ್ಟು ಹೊತ್ತಿಗೆ ಆರಿಸ್ತೀಯಾ?"

"ಆರಿಸ್ಬೇಕಾ?" ಎಂದಳು. ನಿಜವಾಗಿ ಗಾಬರಿಯಾದಳು. "ನಂಗೆ ಯಾರೂ ಹೇಳ್ಲಿಲ್ಲ ಆಂಟಿ. ಬಂದಾಗ ಹೇಗಿತ್ತೋ ಹಾಗೇ ಬಿಟ್ಟಿದ್ದೀನಿ. ಮುಟ್ಟೇ ಇಲ್ಲ. ಬಿಲ್ಲೂ ಜಾಸ್ತಿ ಬಂದಿಲ್ಲ. ಏನಾದ್ರೂ ಹಾಳಾಗುತ್ತಾ?"

ಪಾರ್ಸೆಲ್ ಕೊಟ್ಟು ಬಂದೆ.

ಅದೇ ದಿನ, 5.30

ಯೋಚಿಸುತ್ತಿದ್ದೇನೆ. ಗ್ಯಾಸ್ ಬಾಯ್ಲರ್ ಓಟಗಾರ. ಕರೆದ ತಕ್ಷಣ ದಾಪುಗಾಲು, ಒಂದು ಗಂಟೆಯಲ್ಲಿ ಮನೆ ಸುಟ್ಟುಹೋಗುವಷ್ಟು ಬಿಸಿ. ಈ ಡಬ್ಬ ನಡೆಯುವ ಪ್ರಾಣಿ. ದಿನವಿಡೀ ಒಂದೇ ಹೆಜ್ಜೆ. ನಾವು ಅದನ್ನು ಬೆಳಿಗ್ಗೆ ಒಂದು ಗಂಟೆ ಎಬ್ಬಿಸಿ, ಅದು ಮೈ ಮುರಿಯುವಷ್ಟರಲ್ಲಿ ಮಲಗಿಸುತ್ತಿದ್ದೆವೇ? ಇಪ್ಪತ್ತೊಂದು ಮನೆಯವರು? ಎರಡು ಚಳಿಗಾಲ?

ಬೀದಿಯ ಕಟ್ಟಳೆ ಗೊತ್ತಿಲ್ಲದವಳ ಮನೆ ಮಾತ್ರ ಬೆಚ್ಚಗಿದೆ.

ಥೂ.

26 ಅಕ್ಟೋಬರ್, ಭಾನುವಾರ

ಗಡಿಯಾರ ಹಿಂದಕ್ಕೆ. ಬೆಳಿಗ್ಗೆ ಸ್ವಿಚ್ ಹಾಕಿದೆ. ಇಪ್ಪತ್ತಕ್ಕೆ ಇಟ್ಟೆ. ಇನ್ನು ಮುಟ್ಟುವುದಿಲ್ಲ ಎಂದು ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಹಚ್ಚಿದೆ. ಪ್ರಾರ್ಥನೆಗೆ ಹೊರಟಾಗ ಕೈ ತಾನೇ ಗೋಡೆಗೆ ಹೋಯಿತು. ಎಳೆದುಕೊಂಡೆ. ಎಪ್ಪತ್ತಾರು ವರ್ಷದ ಕೈ, ಮಾತು ಕೇಳುವುದಿಲ್ಲ.

ಸಂಜೆ ಒಳಗೆ 17. ರೇಡಿಯೇಟರ್ ಉಗುರು ಬೆಚ್ಚಗೆ. ನಂಬಿಕೆ ಇಲ್ಲ.

27 ಅಕ್ಟೋಬರ್

18.5

30 ಅಕ್ಟೋಬರ್, ಗುರುವಾರ

20. ನಿನ್ನೆಯೂ 20. ಹೊರಗೆ 5. ಉಣ್ಣೆಯ ಕಾರ್ಡಿಗನ್ ಬಿಚ್ಚಿ ಕುರ್ಚಿಗೆ ಹಾಕಿದೆ.

ಸಂತೋಷ ಆಗಬೇಕಿತ್ತು. ಮೊದಲು ಬಂದದ್ದು ಸಿಟ್ಟು. ನನ್ನ ಮೇಲೆ. ಆಮೇಲೆ ಅವರ ಮೇಲೆ.

1971 ನೆನಪಾಗುತ್ತದೆ. ಆಗ ಊರಿಗೆಲ್ಲ ಕಲ್ಲಿದ್ದಲಿನಿಂದ ತೆಗೆದ ಗ್ಯಾಸ್. ಅದು ಹೋಗಿ ಸಮುದ್ರದಡಿಯ ಗ್ಯಾಸ್ ಬಂತು. ಉರಿಯ ಸ್ವಭಾವವೇ ಬೇರೆ. ಒಂದೊಂದು ಒಲೆಯ ಒಂದೊಂದು ಬರ್ನರ್ ಬದಲಾಯಿಸಬೇಕು. ನನಗೆ ಇಪ್ಪತ್ತೆರಡು. ಗ್ಯಾಸ್ ಬೋರ್ಡಿನ ನೀಲಿ ಕೋಟು, ನೀಲಿ ಟೋಪಿ, ಕೈಯಲ್ಲಿ ಚೀಲ. ಮನೆ ಸಲಹೆಗಾರ್ತಿ ಎಂದು ಹುದ್ದೆ. ಪ್ರತಿ ಮನೆಗೂ ಒಂದು ರಟ್ಟಿನ ಕಾರ್ಡು. ಮೂರು ಭೇಟಿ. ಮೊದಲನೆಯದು, ಕೆಲಸಕ್ಕೆ ಮುಂಚೆ: ಏನೇನಿದೆ ನೋಡು, ಎಣಿಸು, ಬರೆ. ಎರಡನೆಯದು, ಕೆಲಸದ ದಿನ: ಉರಿ ನೀಲಿಯಾಗಿದೆಯೇ ನೋಡು. ಮೂರನೆಯದು, ಮೂರು ದಿನ ಬಿಟ್ಟು: ಕೆಟಲ್ ಇಡಿಸು, ಚಹಾ ಕುಡಿ, ಕೇಳು — "ಹೇಗಿದೆ?" ಮನೆಯಾಕೆ ಏನು ಹೇಳಿದಳೋ ಅದನ್ನು ಅವಳ ಮಾತಿನಲ್ಲೇ ಬರೆದು ಸಹಿ ಹಾಕಿಸು. ಸಹಿ ಇಲ್ಲದ ಕಾರ್ಡನ್ನು ಕಚೇರಿಯಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ.

ಟೆಂಟರ್ ರೋ ಒಂದೇ ದಿನದಲ್ಲಿ ಬದಲಾಯಿತು. ಬೆಳಿಗ್ಗೆ ಒಂದು ಗ್ಯಾಸ್, ಸಂಜೆ ಇನ್ನೊಂದು. ಕ್ಲಿಫ್‌ನ ಹೆಂಡತಿ ಡೊರೀನ್ ಅವತ್ತು ಹೊಸ ಉರಿಯಲ್ಲಿ ಕೇಕ್ ಸುಟ್ಟಳು, ಮರುದಿನ ಸುಡಲಿಲ್ಲ.

ಒಗ್ಗಿಕೊಳ್ಳುವ ಸ್ಥಿತಿಯಲ್ಲಿಲ್ಲವಂತೆ! ಈ ಬೀದಿ ಒಂದು ದಿನದಲ್ಲಿ ಒಗ್ಗಿಕೊಂಡಿತ್ತು. ಯಾಕೆಂದರೆ ಬಾಗಿಲು ತಟ್ಟಿ ಹೇಳಿಕೊಡಲು ಒಬ್ಬಳಿದ್ದಳು.

2 ನವೆಂಬರ್, ಭಾನುವಾರ

ಕಾರ್ನ್‌ಫ್ಲೇಕ್ಸ್ ಡಬ್ಬಗಳನ್ನು ಕತ್ತರಿಸಿ ಇಪ್ಪತ್ತೆರಡು ಕಾರ್ಡು ಮಾಡಿದೆ. ಮೂರು ಭೇಟಿಗೆ ಮೂರು ಗೆರೆ. ಕೆಳಗೆ "ನಿವಾಸಿಯ ಮಾತು" ಮತ್ತು ಸಹಿ. ನೀಲಿ ಕೋಟು ಈಗ ಮೈಗೆ ಹಿಡಿಸುವುದಿಲ್ಲ. ಟೋಪಿ ಹಿಡಿಸುತ್ತದೆ.

4 ನವೆಂಬರ್, ಮಂಗಳವಾರ

ಎರಡು ದಿನ, ಇಪ್ಪತ್ತು ಮನೆ, ನನ್ನದೂ ರುಖ್ಸಾನಾಳದೂ ಬಿಟ್ಟು ಎಲ್ಲ. ಹದಿನಾರು ಲೋಟ ಚಹಾ. ಮೊಣಕಾಲು ನನ್ನದಲ್ಲ ಎನ್ನುವ ಹಾಗಿದೆ. ಎಲ್ಲ ಕಡೆ ಒಂದೇ ಮಾತು ಹೇಳಿದೆ: ಹಾಕಿ, ಬಿಡಿ, ಮುಟ್ಟಬೇಡಿ. ಎಲ್ಲ ಕಡೆ ಒಂದೇ ಮುಖ... ಮನೆಯಲ್ಲಿ ನಲ್ಲಿ ತೆರೆದಿಟ್ಟು ಹೊರಗೆ ಹೋಗಿ ಎಂದ ಹಾಗೆ.

ಕೊನೆಗೆ ಕ್ಲಿಫ್. ಓವರ್‌ಕೋಟು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಿದ್ದ.

"ಹೋದ ವರ್ಷ ನೀನೇ ಅಲ್ವಾ, ಹಾಲ್‌ನಲ್ಲಿ ನಿಂತ್ಕೊಂಡು ಗ್ಯಾಸ್ ಕೊಡಿ ಗ್ಯಾಸ್ ಕೊಡಿ ಅಂತ ಕೂಗಿದ್ದು? ನಾನೂ ಕೈ ತಟ್ಟಿದ್ದೆ. ಅಂಗೈ ನೋವು ಇನ್ನೂ ಹೋಗಿಲ್ಲ."

"ತಪ್ಪಾಯ್ತು ಕ್ಲಿಫ್."

"ಏನಂದೆ? ಇನ್ನೊಂದ್ಸಲ ಹೇಳು. ಕಿವಿ ಮಂದ."

"ಕೇಳಿಸ್ತು ನಿಂಗೆ."

"ಐವತ್ನಾಲ್ಕು ವರ್ಷ ಆಯ್ತು ನೀನು ಈ ಬಾಗಿಲು ತಟ್ಟೋಕೆ ಶುರು ಮಾಡಿ. ತಪ್ಪಾಯ್ತು ಅಂದಿದ್ದು ಇದೇ ಮೊದ್ಲು. ಡೊರೀನ್ ಇರ್ಬೇಕಿತ್ತು." ಕೆಮ್ಮಿ, ಎದ್ದು, ಸ್ವಿಚ್ ಹಾಕಿದ. "ನೋಡೇಬಿಡೋಣ. ಆದ್ರೆ ಹೊರಗೆ ಹೋಗೋವಾಗ ಆರಿಸ್ತೀನಿ."

"ಆರಿಸಿದ್ರೆ ಕೈ ಮುರೀತೀನಿ."

"ಹೊರಗೆ ಎಲ್ಲಿಗೆ ಹೋಗ್ತೀನಿ ಬಿಡು, ಈ ಎದೆ ಇಟ್ಕೊಂಡು."

10 ನವೆಂಬರ್, ಸೋಮವಾರ

ಎರಡನೇ ಭೇಟಿ ಮುಗಿಯಿತು. ಹದಿನೆಂಟು ಮನೆಗಳಲ್ಲಿ 19, 20, 20.5. ನಂಬರ್ 5ರ ಅಕ್ಕತಂಗಿಯರು ಕಿಟಕಿಯಂಚಿನ ಜೆರೇನಿಯಂ ಕುಂಡವನ್ನು ಒಳಕೋಣೆಗೆ ತರದೆ ಅಲ್ಲೇ ಬಿಟ್ಟಿದ್ದಾರೆ. "ನಿವಾಸಿಯ ಮಾತು" ಎಂಬಲ್ಲಿ ಅವರು ಬರೆದದ್ದು: *ಹೊದಿಕೆಯಿಂದ ಕೈ ಹೊರಗೆ ಇಟ್ಟು ಓದಬಹುದು.*

ಬೀದಿಯಲ್ಲಿ ನಡೆದು ಬರುವಾಗ ಕತ್ತು ತಾನೇ ನೆಟ್ಟಗಾಯಿತು. ಹೆಮ್ಮೆ ಪಾಪ ಅಂತ ಚಾಪೆಲ್‌ನಲ್ಲಿ ಕಲಿಸಿದ್ದರು. ಇರಲಿ, ಒಂದು ಪಾಪ ಮಾಡಿಕೊಂಡೆ.

ಆದರೆ ತುದಿ ಮನೆಗಳು. ನಂಬರ್ 1ರಲ್ಲಿ 16. ಕ್ಲಿಫ್‌ನ ಮನೆಯಲ್ಲಿ 15. ಆರು ದಿನ ಆರಿಸಿಲ್ಲ ಅವನು. ನಾನು ಮೀಟರ್ ನೋಡಿದೆ, ಸುಳ್ಳು ಹೇಳುತ್ತಿಲ್ಲ. ಹಿತ್ತಿಲ ಡಬ್ಬ ಬಿಡದೆ ತಿರುಗುತ್ತಿದೆ. ಕ್ಲಿಫ್ ಓವರ್‌ಕೋಟಿನ ಗುಂಡಿ ಕತ್ತಿನವರೆಗೆ ಹಾಕಿಕೊಂಡ. ಅದು ಚುಚ್ಚಿತು.

ಅಭ್ಯಾಸ ಒಂದೇ ಅಲ್ಲ. ಬೇರೆ ಏನೋ ಇದೆ.

12 ನವೆಂಬರ್, ಬುಧವಾರ

ಬಟ್ಟೆ ಹೊಲಿಯುವ ಟೇಪ್ ಚಿಕ್ಕದು. ಕ್ಲಿಫ್‌ನದೇ ಉಕ್ಕಿನ ಟೇಪ್. ಅವನು ಒಂದು ತುದಿ, ನಾನೊಂದು ತುದಿ. ಕೋಣೆ ಕೋಣೆ ಅಳೆದೆವು. ಗೋಡೆ, ಕಿಟಕಿ, ಬಾಗಿಲು, ಛಾವಣಿ. ಗೋಡೆಯಿಂದ ಎಷ್ಟು ಬಿಸಿ ಸೋರುತ್ತದೆ, ರೇಡಿಯೇಟರ್ ಎಷ್ಟು ಕೊಡುತ್ತದೆ — 1976ರಲ್ಲಿ ಬೋರ್ಡಿನವರು ಹದಿನೈದು ದಿನ ಕೂರಿಸಿ ಕಲಿಸಿದ ಲೆಕ್ಕ. ಹಳೆಯ ಕೋಷ್ಟಕ ಹುಡುಕಿದೆ. ಮೇಲಟ್ಟದಲ್ಲಿ ಇತ್ತು. ಮೂಲೆಯಲ್ಲಿ ಯಾರದೋ ಚಹಾ ಕಲೆ.

"ಇದೆಲ್ಲ ಕಂಪ್ಯೂಟರ್ ಮಾಡುತ್ತಂತಲ್ಲ ಈಗ."

"ಕಂಪ್ಯೂಟರ್ ನಿನ್ನ ಗೋಡೆ ಅಳೆಯುತ್ತಾ? ನೆಟ್ಟಗೆ ಹಿಡಿ, ಟೇಪ್ ಸೊಟ್ಟಗಿದೆ."

"ನಾನೇ ಸೊಟ್ಟಗಿದ್ದೀನಿ ತಾಯಿ."

ಉತ್ತರ ನೆಟ್ಟಗೆ ಬಂತು. ಸಾಲಿನ ನಡುವಿನ ಮನೆಗೆ ಹೊರಗೋಡೆ ಎರಡೇ, ಮುಂದೆ ಮತ್ತು ಹಿಂದೆ. ಅಕ್ಕಪಕ್ಕದಲ್ಲಿ ಬೆಚ್ಚಗಿನ ನೆರೆ. ಕ್ಲಿಫ್‌ನ ಮನೆಗೆ ಮೂರು. ಮೂರನೆಯದು ಎರಡಂತಸ್ತಿನ ಬೋಳು ಕಲ್ಲಿನ ಗೋಡೆ, ಬೆಟ್ಟದ ಗಾಳಿಗೆ ಎದುರು ನಿಂತದ್ದು. ಡಬ್ಬಕ್ಕೆ ಶಕ್ತಿ ಸಾಲದೆಂದಲ್ಲ. ಕೋಣೆಯಲ್ಲಿರುವ ರೇಡಿಯೇಟರ್ ಚಿಕ್ಕದು. ಸುಡುವ ನೀರಾದರೆ ಸಾಕಾಗುತ್ತಿತ್ತು. ಉಗುರುಬೆಚ್ಚಗಿನ ನೀರಿಗೆ ಇದರ ಎರಡರಷ್ಟು ಅಗಲ ಬೇಕು. ನನ್ನ ಮನೆಯಲ್ಲಿರುವುದೂ ಅದೇ ಅಳತೆ. ರುಖ್ಸಾನಾಳ ಮನೆಯಲ್ಲೂ ಅದೇ.

ಇಪ್ಪತ್ತೆರಡು ಮನೆಗೂ ಒಂದೇ ಅಳತೆ. ಹೇಗೆ?

ಪಂಪ್ ಹಾಕುವ ಮೊದಲು ನಮ್ಮ ಮನೆಗಳನ್ನು ಅಳೆದು ಬರೆದ ವಿನ್ಯಾಸದ ಕಾಗದ ಕೊಡಿ ಎಂದು ಸಂಸ್ಥೆಗೆ ಬರೆದೆ. ಬಾಡಿಗೆದಾರರ ಹಕ್ಕು. ತುದಿ ಮನೆಯ ರೇಡಿಯೇಟರ್ ಬದಲಾಯಿಸಲು ಅನುಮತಿಯನ್ನೂ ಕೇಳಿದೆ.

20 ನವೆಂಬರ್, ಗುರುವಾರ

ಹಿಮ. ಹೊರಗೆ −3. ನಾನು 20.

ಕ್ಲಿಫ್ ಮೂರು ದಿನದಿಂದ ನನ್ನ ಮುಂದಿನ ಕೋಣೆಯಲ್ಲೇ. ಬೆಳಿಗ್ಗೆ ಹತ್ತಕ್ಕೆ ಪೇಪರ್ ಕಂಕುಳಲ್ಲಿಟ್ಟುಕೊಂಡು ಬರುತ್ತಾನೆ, ಸಂಜೆ ಹೋಗುತ್ತಾನೆ. ನನ್ನ ಪದಬಂಧ ತುಂಬುತ್ತಾನೆ, ಪೆನ್ನಿನಲ್ಲಿ. ಡಾಕ್ಟರ್ ಹೇಳಿದ್ದಾರಂತೆ: ಕೋಣೆ ಹದಿನೆಂಟಕ್ಕಿಂತ ಕೆಳಗೆ ಇಳಿಯಬಾರದು, ಇಳಿದರೆ ಆಸ್ಪತ್ರೆ.

"ಸಂಸ್ಥೆಯವ್ರು ಗ್ಯಾಸ್ ಕೊಡ್ತಾರಂತಲ್ಲ ಬೆರಿಲ್. ತಗೊಂಡುಬಿಡೋಣ. ಒಗ್ಗಿಕೊಳ್ಳಲ್ಲ ಅಂತ ಬರ್ಕೊಳ್ಳಲಿ. ನನ್ಗೇನು, ಬೆಚ್ಚಗಾದ್ರೆ ಸರಿ."

"ಬಾಯ್ಲರ್ ಯಾವಾಗ ಹಾಕ್ತಾರೆ ಗೊತ್ತಾ? ಓದಿದ್ಯಾ? ಬರೋ ಬೇಸಿಗೆಗೆ. ಈ ಚಳಿಗಾಲ?"

ಪೆನ್ನು ಕೆಳಗಿಟ್ಟ. ಆಮೇಲೆ ಅಂದ: "ಅಪ್ಪನ ಎದೇಲಿ ಕಲ್ಲಿದ್ದಲು. ನನ್ನ ಎದೇಲಿ ಉಣ್ಣೆ. ಈ ಊರಲ್ಲಿ ಬೆಚ್ಚಗಿರೋಕೆ ಯಾವಾಗ್ಲೂ ಏನಾದ್ರೂ ಉಸಿರಾಡ್ಲೇಬೇಕಿತ್ತು. ಇದೊಂದಕ್ಕೆ ಹೊಗೇನೇ ಇಲ್ಲ, ಅಲ್ವಾ?"

"ಇಲ್ಲ."

"ಹ್ಞೂಂ." ಪೇಪರ್ ತಿರುಗಿಸಿದ. ಅಷ್ಟೇ.

24 ನವೆಂಬರ್, ಸೋಮವಾರ. 11 ಗಂಟೆ

ಬಂತು. ದಪ್ಪ ಲಕೋಟೆ. ಇಪ್ಪತ್ತೆರಡು ಹಾಳೆ. ಮನೆಗೊಂದು.

ಒಂದೊಂದಾಗಿ ಮೇಜಿನ ಮೇಲೆ ಹರಡಿದೆ.

ನಂಬರ್ 1. ಮುಂದಿನ ಕೋಣೆ: 4.10 ಮೀಟರ್, 3.65 ಮೀಟರ್. ಮನೆಗೆ ಹೊರಗೋಡೆ ಎರಡು. ಕಿಟಕಿ: ಹೊರಕ್ಕೆ ಚಾಚಿದ ಮೂರು ಮುಖದ ಕಿಟಕಿ.
ನಂಬರ್ 2. 4.10, 3.65. ಹೊರಗೋಡೆ ಎರಡು. ಮೂರು ಮುಖದ ಕಿಟಕಿ.
ನಂಬರ್ 3. ಅದೇ.

ಇಪ್ಪತ್ತೆರಡರವರೆಗೂ ಅದೇ. ಅಳತೆ ತೆಗೆದ ದಿನಾಂಕ ಎಲ್ಲದರಲ್ಲೂ ಒಂದೇ. ಸಹಿಯ ಜಾಗ ಖಾಲಿ.

ಟೆಂಟರ್ ರೋನಲ್ಲಿ ಮೂರು ಮುಖದ ಕಿಟಕಿ ಇರುವುದು ಒಂದೇ ಮನೆಗೆ. ನಂಬರ್ 9. 1934ರಲ್ಲಿ ಅಲ್ಲಿ ಒಬ್ಬ ದರ್ಜಿ ಇದ್ದ. ಬೆಳಕು ಬೇಕೆಂದು ಗೋಡೆ ಒಡೆದು ಕಟ್ಟಿಸಿದ್ದ. ಇದು ಬೀದಿಯಲ್ಲಿ ಹುಟ್ಟಿದ ಬೆಕ್ಕಿಗೂ ಗೊತ್ತು. ಒಂದು ಮನೆ ಅಳೆದು ಉಳಿದ ಇಪ್ಪತ್ತೊಂದಕ್ಕೂ ಅದನ್ನೇ ನಕಲು ಮಾಡಿದ್ದಾರೆ. ಕ್ಲಿಫ್‌ಗೆ ಇಲ್ಲದ ಕಿಟಕಿ ಕೊಟ್ಟು, ಇರುವ ಗೋಡೆ ಕಿತ್ತುಕೊಂಡಿದ್ದಾರೆ!

ಕ್ಲಿಫ್‌ಗೆ ತೋರಿಸಿದೆ. ಕನ್ನಡಕ ಏರಿಸಿ ತುಂಬ ಹೊತ್ತು ಓದಿದ.

"ಪರವಾಗಿಲ್ವೇ. ನಂಗೂ ದರ್ಜಿ ಕಿಟಕಿ. ಎಲ್ಲಿದೆ ಅಂತ ಹೇಳಿದ್ರೆ ಒಂದು ಪರದೆ ಹೊಲಿಸ್ತಿದ್ದೆ."

ನಕ್ಕೆವು. ಅವನ ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನೀರು ಕೊಟ್ಟೆ. ಬೆನ್ನು ಸವರಿದೆ.

ಅನುಮತಿ ಕೇಳಿದ್ದಕ್ಕೆ ಲಕೋಟೆಯಲ್ಲಿ ಒಂದಕ್ಷರವಿಲ್ಲ.

2 ಡಿಸೆಂಬರ್, ಮಂಗಳವಾರ

ಕ್ಲಿಫ್‌ನ ತಂಗಿಯ ಮಗಳು ಜೋಸಿ. ಹ್ಯಾಲಿಫ್ಯಾಕ್ಸಿನಲ್ಲಿ ಪೈಪ್ ಕೆಲಸ, ಸ್ವಂತ ವ್ಯಾನು. ಎಲ್ಲೋ ಕಳಚಿದ ಎರಡು ದಪ್ಪ ರೇಡಿಯೇಟರ್ ತಂದಳು. ನನ್ನ ಲೆಕ್ಕದ ಹಾಳೆ ಕೊಟ್ಟೆ. ಓದಿದಳು. ಫೋನಿನಲ್ಲಿ ತನ್ನದೇ ಲೆಕ್ಕ ಹಾಕಿದಳು. ನನ್ನನ್ನು ನೋಡಿದಳು.

"ಇದನ್ನ ಯಾರು ಮಾಡಿದ್ದು ಮಿಸೆಸ್ ಸಗ್‌ಡನ್?"

"ಪೆನ್ಸಿಲ್."

"ನನ್ನ ಆ್ಯಪ್‌ಗೂ ನಿಮ್ಮ ಪೆನ್ಸಿಲ್‌ಗೂ ಒಂದು ಲೈಟ್ ಬಲ್ಬಿನಷ್ಟು ವ್ಯತ್ಯಾಸ ಇದೆ, ಅಷ್ಟೇ."

ಇದನ್ನು ಇಲ್ಲಿ ಬರೆದುಕೊಳ್ಳುವುದು ಜಂಬ. ಬರೆದುಕೊಂಡೆ.

ಮುಂದಿನ ಕೋಣೆಗೊಂದು, ಮಲಗುವ ಕೋಣೆಗೊಂದು. ಮೂರು ಗಂಟೆ ಕೆಲಸ. ಸಂಸ್ಥೆಯ ಹಳೆಯ ರೇಡಿಯೇಟರ್‌ಗಳನ್ನು ಒರೆಸಿ, ಕಾಗದ ಸುತ್ತಿ, ಶೆಡ್‌ನಲ್ಲಿ ಇಟ್ಟೆವು. ಕಳವು ಮಾಡಿದೆವು ಎಂದು ಯಾರೂ ಅನ್ನಬಾರದು.

6 ಡಿಸೆಂಬರ್, ಶನಿವಾರ. ಬೆಳಿಗ್ಗೆ 8

ಹೊರಗೆ −4. ಕಲ್ಲು ಹಾಸಿನ ಮೇಲೆ ಹೆಜ್ಜೆ ನಿಲ್ಲುತ್ತಿಲ್ಲ. ಗೋಡೆ ಹಿಡಿದುಕೊಂಡು 22ಕ್ಕೆ ಹೋದೆ. ಮೂರನೇ ಭೇಟಿ.

ಬಾಗಿಲು ತೆರೆದ ಕ್ಲಿಫ್. ಮೈಮೇಲೆ ಅಂಗಿ. ಬರೀ ಅಂಗಿ! ಓವರ್‌ಕೋಟು ಮೊಳೆಯಲ್ಲಿ ನೇತಾಡುತ್ತಿತ್ತು, ಒಳಗೆ ಮನುಷ್ಯನಿಲ್ಲದೆ ಎಷ್ಟು ಚಿಕ್ಕದಾಗಿ ಕಂಡಿತು.

20.

ಕೆಟಲ್ ಇಟ್ಟ. ಚಹಾ ಕುಡಿದೆವು. ಕಾರ್ಡು ಮುಂದೆ ಚಾಚಿದೆ.

"ಹೇಗಿದೆ?"

ಪೆನ್ನಿನ ಮುಚ್ಚಳ ತೆಗೆದು ಬರೆದ. ಕೈಬರಹ ಕೋಳಿ ಕೆದರಿದ ಹಾಗೆ. *ರಾತ್ರಿ ಎದ್ದು ಕೂರಲಿಲ್ಲ. ಬೆಳಿಗ್ಗೆಯವರೆಗೆ ಮಲಗಿದೆ. ಸಿ. ಮಿಜ್‌ಲಿ.*

1971ರಲ್ಲಿ ನಾನ್ನೂರಕ್ಕೂ ಹೆಚ್ಚು ಕಾರ್ಡು ತುಂಬಿಸಿದವಳು ನಾನು. ಇಂಥದ್ದು ಒಂದೂ ಇರಲಿಲ್ಲ.

10 ಡಿಸೆಂಬರ್, ಬುಧವಾರ

ನಾಳೆ ಸಭೆ. ಹೇಳಬೇಕಾದ್ದನ್ನು ಬರೆಯುತ್ತಿದ್ದೇನೆ. ನಕಲು ಹಾಳೆಗಳ ಬಗ್ಗೆ ಬರೆಯುವುದು ಸುಲಭ. ಒಂದೇ ಉಸಿರಿಗೆ ಎರಡು ಪುಟ ಬಂತು. ಮೊದಲ ಸಾಲು ಬರುತ್ತಿಲ್ಲ.

ಯಾಕೆಂದರೆ ಅವರ ವರದಿಯ ಕಂಬ ನಾನೇ. ನನ್ನ ಮಾತು. ನಾನು ಗ್ಯಾಸಿನವಳು; ಅದರ ನೀಲಿ ಉರಿ ಹಚ್ಚಿ ಮನೆಮನೆಗೆ ನಗು ಕೊಟ್ಟವಳು. ಈ ಡಬ್ಬ ಸೋಲಲಿ ಎಂಬ ಆಸೆ ಒಳಗೆ ಎಲ್ಲೋ ಇತ್ತು. ಎಂಬತ್ತಾರು ಪುಟ ತೆರೆಯಲೇ ಇಲ್ಲ. ಕಾರ್ಡು ತುಂಬಿಸದೆ, ಮನೆ ನೋಡದೆ, ಮಾತಾಡಿದೆ. ಬೋರ್ಡಿನಲ್ಲಿದ್ದಾಗ ಯಾವ ಹುಡುಗಿಯಾದರೂ ಹಾಗೆ ಮಾಡಿದ್ದರೆ ಟೋಪಿ ಕಿತ್ತುಕೊಂಡು ಕಳಿಸುತ್ತಿದ್ದೆ.

ರುಖ್ಸಾನಾ ಬಂದಿದ್ದಳು. ಅವಳಿಗೆ ಓದಿ ಹೇಳಿದೆ.

"ಆಂಟಿ, ನಿಮ್ಮ ತಪ್ಪು ಹೇಳ್ಲೇಬೇಕಾ? ಅವ್ರು ಅದನ್ನೇ ಹಿಡ್ಕೊಂಡು ನಗ್ತಾರೆ."

"ನಗಲಿ. ನಂದು ಹೇಳಿದ್ರೇನೇ ಅವ್ರದ್ದು ಕೇಳೋಕೆ ಬಾಯಿ ಬರೋದು."

ಮೊದಲ ಸಾಲು ಸಿಕ್ಕಿತು.

11 ಡಿಸೆಂಬರ್, ಗುರುವಾರ. ಸಂಜೆ 6

ಈಗ ಬಂದೆ. ಕೋಟು ಬಿಚ್ಚಿಲ್ಲ. ಬೇಗ ಬರೆಯುತ್ತೇನೆ.

ಹಾಲ್ ತುಂಬಿತ್ತು. ಮೇಜಿನ ಆಚೆ ಸಂಸ್ಥೆಯ ಲಾಕ್‌ವುಡ್, ಮನೆಗಳ ವಿಭಾಗದ ಮುಖ್ಯಸ್ಥ. ವಿನಯವಂತ. ವಿನಯವಂತರ ಜೊತೆ ಜಗಳ ಕಷ್ಟ. ನನ್ನನ್ನು ಕಂಡದ್ದೇ ಎದ್ದು ನಿಂತ.

"ಮಿಸೆಸ್ ಸಗ್‌ಡನ್, ನಿಮ್ಮ ಮಾತನ್ನ ನಾವು ಬಹಳ ಗೌರವದಿಂದ ವರದೀಲಿ ಸೇರಿಸಿದ್ದೀವಿ."

"ಆ ಮಾತು ತಪ್ಪಾಗಿತ್ತು. ವಾಪಸ್ ತಗೋತಿದ್ದೀನಿ. ಬರ್ಕೊಳ್ಳಿ."

ಹೇಳಿದೆ — ಎರಡು ಚಳಿಗಾಲ ಸ್ವಿಚ್ ಆರಿಸಿ ಆರಿಸಿ ನಾನೇ ನನ್ನ ಮನೆ ತಣ್ಣಗಿಟ್ಟೆ. ಓದದೆ ಮಾತಾಡಿದೆ. ತಪ್ಪು ನನ್ನದು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನುಂಗಿಕೊಂಡೆ.

ಆಮೇಲೆ ಕಾರ್ಡುಗಳು. ಇಪ್ಪತ್ತೆರಡು, ಸಹಿ ಸಮೇತ, ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದೊಂದನ್ನು ಇಟ್ಟಾಗಲೂ ಆ ಮನೆಯವರು ಎದ್ದು ನಿಂತರು. ನಾನು ಹೇಳಿಕೊಟ್ಟದ್ದಲ್ಲ. ನಂಬರ್ 5ರ ಅಕ್ಕತಂಗಿಯರು ಶುರು ಮಾಡಿದರು. ಕೊನೆಗೆ ಕೂತೇ ಉಳಿದವರು ನಂಬರ್ 1ರವರು ಮಾತ್ರ. ಅವರ ಕಾರ್ಡಿನಲ್ಲಿ ಇನ್ನೂ 16 ಎಂದಿದೆ. ಆಮೇಲೆ ಅವರೂ ಎದ್ದರು.

ಒಗ್ಗಿಕೊಳ್ಳುವ ಸ್ಥಿತಿಯಲ್ಲಿಲ್ಲದ ಜನ. ಎಲ್ಲರೂ ನಿಂತಿದ್ದರು. ಕಣ್ಣು ಒದ್ದೆಯಾಯಿತು, ಮೂಗು ಒರೆಸುವ ನೆಪ ಮಾಡಿಕೊಂಡೆ.

ಕೊನೆಗೆ ಹಾಳೆ. ನಂಬರ್ 22.

"ಶ್ರೀ ಮಿಜ್‌ಲಿ ಅವರ ಮನೇಲಿ ಮೂರು ಮುಖದ ಕಿಟಕಿ ಇದೆ ಅಂತ ನಿಮ್ಮ ಕಾಗದ ಹೇಳುತ್ತೆ. ಅದನ್ನ ಅಳೆದವರು ಯಾರು?"

ಲಾಕ್‌ವುಡ್ ಹಾಳೆ ನೋಡಿದ. ಇನ್ನೊಂದು ನೋಡಿದ. ಕಿವಿ ಕೆಂಪಾಯಿತು.

"ಇದು... ತಾಂತ್ರಿಕ ವಿಷಯ. ಪರಿಶೀಲಿಸಿ ಲಿಖಿತವಾಗಿ ತಿಳಿಸ್ತೀವಿ."

"ಲಿಖಿತವಾಗಿ ಎಂಬತ್ತಾರು ಪುಟ ಬಂದಿದೆ ಸ್ವಾಮಿ," ಕ್ಲಿಫ್ ಹಿಂದಿನಿಂದ ಕೂಗಿದ, ಕೆಮ್ಮಿಲ್ಲದೆ, "ನಮ್ಮನೆ ಮೇಜಿನ ಕುಂಟು ಕಾಲಿಗೆ ಕೊಟ್ಟಿದ್ದೀನಿ. ಬೇರೆ ಮೇಜಿಲ್ಲ. ಬಾಯಲ್ಲಿ ಹೇಳಿ!"

ನಗು. ಮೇಜು ಗುದ್ದಿದರು. ತೀರ್ಮಾನ ಮುಂದಕ್ಕೆ ಹೋಯಿತು, ಜನವರಿ 15ಕ್ಕೆ. ಪಂಪ್ ಕೀಳುವುದು ಅಲ್ಲಿಯವರೆಗೆ ಇಲ್ಲ.

ಉತ್ತರವೂ ಇಲ್ಲ.

12 ಡಿಸೆಂಬರ್, ಶುಕ್ರವಾರ. ಬೆಳಿಗ್ಗೆ 9.20

ಒಳಗೆ 20. ಹೊರಗೆ 1.

ಸಂಸ್ಥೆಯಿಂದ ಈಗಷ್ಟೇ ಫೋನು. ಲಾಕ್‌ವುಡ್ ಅಲ್ಲ, ಬೇರೆ ಯಾರೋ ಹುಡುಗಿ, ಇನಿದನಿ. ತುದಿ ಮನೆಗಳಿಗೆ "ಸದ್ಭಾವನೆಯಿಂದ" ದೊಡ್ಡ ರೇಡಿಯೇಟರ್ ಹಾಕಿಕೊಡುತ್ತಾರಂತೆ. ಪಂಪ್‌ಗಳು ಬಹುಶಃ ಉಳಿಯುತ್ತವಂತೆ. ಹಾಗಾಗಿ ಜನವರಿಯಲ್ಲಿ ಆ ಹಾಳೆಗಳ ಮಾತು ಎತ್ತದಿದ್ದರೆ ಎಲ್ಲರಿಗೂ ಒಳ್ಳೆಯದಲ್ಲವೇ, ಮಿಸೆಸ್ ಸಗ್‌ಡನ್?

ಕ್ಲಿಫ್ ಇಲ್ಲೇ ಇದ್ದ, ಪದಬಂಧದ ಮೇಲೆ. ಫೋನಿನ ಬಾಯಿ ಮುಚ್ಚಿ ಅವನಿಗೆ ಹೇಳಿದೆ.

"ರೇಡಿಯೇಟರ್ ತಗೋ," ಅಂದ. "ಸದ್ಭಾವನೆ ಅವ್ರೇ ಇಟ್ಕೊಳ್ಳಲಿ."

ಹಾಗೇ ಹೇಳಿದೆ. ಫೋನ್ ಇಟ್ಟೆ.

ವಾರಪತ್ರಿಕೆಗೆ ಕಳಿಸಬೇಕು. ಬೇರೆ ಕಾಗದ ಸಿಗುತ್ತಿಲ್ಲ, ಇಲ್ಲೇ ಕರಡು.

*ಸಂಪಾದಕರಿಗೆ. ನಾನು ಟೆಂಟರ್ ರೋನ ಬೆರಿಲ್ ಸಗ್‌ಡನ್. ನನ್ನ ತಪ್ಪನ್ನು ನಿನ್ನೆ ಚಾಪೆಲ್ ಹಾಲ್‌ನಲ್ಲಿ ಎಲ್ಲರೆದುರು ಒಪ್ಪಿಕೊಂಡಿದ್ದೇನೆ. ಈಗ ವಸತಿ ಸಂಸ್ಥೆಯ ಸರದಿ. ಒಂದು ಮನೆ ಅಳೆದು ಇಪ್ಪತ್ತೆರಡು ಮನೆ ಅಳೆದೆವೆಂದು ಬರೆದವರು ಯಾರು? ಆ ಹಾಳೆಗಳನ್ನು ಓದಿ ಸರಿ ಎಂದವರು ಯಾರು? ತಣ್ಣನೆಯ ಕೋಣೆಯಲ್ಲಿ ಎರಡು ಚಳಿಗಾಲ ಕಳೆದ ಜನರನ್ನು ಒಗ್ಗದವರೆಂದು ಕರೆದವರು ಯಾರು? ಇನ್ನೂ ಮುನ್ನೂರು ಮನೆಗಳು ಕಾಯುತ್ತಿವೆ. ಅವುಗಳ ಹೊಸ್ತಿಲು ದಾಟುವ ಮೊದಲು ಉತ್ತರ ಬೇಕು. ಪತ್ರದಲ್ಲಿ ಬೇಡ. ಫೋನಿನಲ್ಲಿ ಬೇಡ. ಜನವರಿ 15ರಂದು, ಅದೇ ಹಾಲ್‌ನಲ್ಲಿ, ನಾವು ನಿಂತ ಹಾಗೆ ಎದ್ದು ನಿಂತು, ಶ್ರೀ ಮಿಜ್‌ಲಿ ಅವರ ಮುಖ ನೋಡಿ ಹೇಳಿ: ಅವರ ಮನೆಯಲ್ಲಿ ಇಲ್ಲದ ಆ ಕಿಟಕಿಯನ್ನು ಯಾವ ದಿನ, ಯಾವ ಟೇಪ್ ಹಿಡಿದು, ಯಾರ ಕೈ ಅಳೆಯಿತು?*